ಇಂಜಿನ್ ಕೆಲಸ ಆದ ಮೇಲೂ ಅಂಬಾಸಿಡರ್ ಆಯಿಲ್ ಪ್ರೆಶರ್ ಕಮ್ಮಿ, ದೇವಿಮನೆ ಘಟ್ಟ ಹತ್ತಿದರೆ ಲೈಟ್ ಮಿಣುಕುತ್ತೆ

ಕುಮಟಾ_ಮಾರ್ಕ್2
ಎಲ್ಲರಿಗೂ ನಮಸ್ಕಾರ. ಅಪ್ಪನ 1973ರ ಅಂಬಾಸಿಡರ್ ಮಾರ್ಕ್ 2 ಇದೆ. 1489 ಸಿಸಿ ಪೆಟ್ರೋಲ್ ಇಂಜಿನ್. ಹನ್ನೊಂದು ವರ್ಷ ಮನೆ ಹಿಂದಿನ ಕೊಟ್ಟಿಗೆಯಲ್ಲಿ ನಿಂತಿತ್ತು. ಈ ವರ್ಷ ಪೂರ್ತಿ ಇಂಜಿನ್ ಕೆಲಸ ಮಾಡಿಸಿದೆ. ಬೋರ್ ಆಗಿದೆ, ಕ್ರ್ಯಾಂಕ್ ಗ್ರೈಂಡ್ ಆಗಿ ಹತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಅಂಡರ್‌ಸೈಜ್ ಬೇರಿಂಗ್ ಶೆಲ್ ಬಿದ್ದಿದೆ, ಆಯಿಲ್ ಪಂಪ್ ಹೊಸದು. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಎಲೆಕ್ಟ್ರಿಕ್ ಗೇಜ್ ಕೂಡ ಹಾಕಿಸಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ 55 ಪಿಎಸ್‌ಐ (ಚದರ ಇಂಚಿಗೆ 55 ಪೌಂಡ್ ಒತ್ತಡ) ತೋರಿಸುತ್ತದೆ. ಗೋಕರ್ಣ ಕ್ರಾಸ್ ತನಕ ಹೋಗುವಷ್ಟರಲ್ಲಿ 60 ಕಿಮೀ ವೇಗದಲ್ಲಿ 28ಕ್ಕೆ ಇಳಿಯುತ್ತದೆ. ಮೊನ್ನೆ ಶಿರಸಿಗೆ ಹೊರಟಿದ್ದೆ. ದೇವಿಮನೆ ದೇವಸ್ಥಾನದ ಹತ್ತಿರ ನಿಲ್ಲಿಸಿ ನೋಡಿದರೆ ಐಡ್ಲಿಂಗ್‌ನಲ್ಲಿ 4! ಕೆಂಪು ಲೈಟ್ ಮಿಣುಕುತ್ತಿತ್ತು. ಅಲ್ಲಿಂದಲೇ ವಾಪಸ್ ಬಂದೆ. ಕೆಲಸ ಮಾಡಿದವರನ್ನು ಕೇಳಿದರೆ "ಹೊಸ ಇಂಜಿನ್, ಓಡ್ತಾ ಓಡ್ತಾ ಸರಿಯಾಗುತ್ತೆ" ಅಂತಾರೆ. ಸರಿಯಾಗುತ್ತಾ? ನನಗೆ ರಾತ್ರಿ ನಿದ್ದೆ ಬರ್ತಿಲ್ಲ.

ಘಟ್ಟದಗಾಡಿ
ಓಡಿಸಬೇಡಿ. ಮೊದಲು ಅದು.

ರಿಂಗು, ಬೋರು ಓಡ್ತಾ ಓಡ್ತಾ ಕೂತ್ಕೊಳ್ಳುತ್ತವೆ, ನಿಜ. ಬೇರಿಂಗ್ ಸಂದು ಓಡ್ತಾ ಕಮ್ಮಿ ಆಗೋದಿಲ್ಲ, ಜಾಸ್ತಿಯೇ ಆಗುತ್ತದೆ. ಹಾಗಾಗಿ "ಸರಿಯಾಗುತ್ತೆ" ಅನ್ನೋ ಮಾತು ಆಯಿಲ್ ಪ್ರೆಶರ್‌ಗೆ ಹೊಂದೋದಿಲ್ಲ.

ಪದ್ಮಿನಿ_ಹೊನ್ನಾವರ
ನಂದು ಫಿಯಟ್. ಅದಕ್ಕೆ ಗೇಜೇ ಇಲ್ಲ, ಬರೀ ಲೈಟು. ನಲವತ್ತು ವರ್ಷದಿಂದ ಆರಾಮಾಗಿದೆ. ಗೇಜ್ ಹಾಕಿಸಿದ್ದಕ್ಕೇ ನಿಮಗೆ ನಿದ್ದೆ ಹೋಗಿದ್ದು ಅನ್ನಿಸುತ್ತೆ.

ಘಟ್ಟದಗಾಡಿ
@ಪದ್ಮಿನಿ_ಹೊನ್ನಾವರ ಲೈಟಿನ ಸ್ವಿಚ್ ಹತ್ತೋದು ಸುಮಾರು 5ರಿಂದ 7 ಪಿಎಸ್‌ಐಗೆ ಇಳಿದಾಗ. ಓಡುವಾಗ 45 ಇರಬೇಕಾದದ್ದು 15 ಆದರೂ ಲೈಟ್ ಸುಮ್ನೆ ಇರುತ್ತದೆ. ಅವರಿಗೆ ಐಡ್ಲಿಂಗ್‌ನಲ್ಲಿ ಲೈಟೂ ಮಿಣುಕಿದೆ, ಗೇಜೂ ಇಳಿದಿದೆ. ಎರಡೂ ಒಂದೇ ಮಾತು ಹೇಳುವಾಗ ತಳ್ಳಿಹಾಕಬಾರದು.

ಬೈತಖೋಲ್_ಬೋಟ್
ನಾನು ಕಾರಿನವನಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟ್ ಇಂಜಿನ್ ಕೆಲಸ. ಆದರೆ ಆಯಿಲ್ ಎಲ್ಲಿದ್ದರೂ ಆಯಿಲೇ. ಒಂದು ಮಾತು ಹೇಳ್ತೇನೆ: ನಮ್ಮ ಕಡಲ ತೀರದಲ್ಲಿ ಎಲೆಕ್ಟ್ರಿಕ್ ಗೇಜನ್ನು ಕಣ್ಣುಮುಚ್ಚಿ ನಂಬಬೇಡಿ. ಅದರ ಸೆಂಡರ್‌ಗೆ (ಬ್ಲಾಕಿಗೆ ತಿರುಗಿಸಿ ಹಾಕುವ, ಪ್ರೆಶರ್ ಅಳೆಯುವ ತುಂಡು) ಅರ್ಥ್ ಸಿಗೋದು ಬ್ಲಾಕಿನಿಂದ, ಅದೂ ಥ್ರೆಡ್ಡಿನ ಮೂಲಕ. ಥ್ರೆಡ್ಡಿಗೆ ಬಿಳಿ ಟೇಪ್ ಸುತ್ತಿದ್ದರೆ ಅರ್ಥ್ ಕೆಡುತ್ತದೆ. ಬ್ಲಾಕ್‌ನಿಂದ ಬಾಡಿಗೆ ಹೋಗುವ ಪಟ್ಟಿ ಉಪ್ಪು ಗಾಳಿಗೆ ಹಸಿರುಗಟ್ಟಿದ್ದರೂ ಮುಳ್ಳು ಸುಳ್ಳು ಹೇಳುತ್ತದೆ.

ಬೋಟಿನಲ್ಲಿ ನಾವು ಪೈಪ್ ಗೇಜೇ ಹಾಕೋದು. ಆಯಿಲ್ ನೇರ ಗೇಜಿಗೆ ಬರುತ್ತದೆ, ಕರೆಂಟಿನ ರಗಳೆ ಇಲ್ಲ. ಹನ್ನೆರಡು ಮೈಲಿ ಆಚೆ ಇಂಜಿನ್ ಜಾಮ್ ಆದರೆ ಬಂದು ಎಳೆದುಕೊಂಡು ಹೋಗೋರು ಯಾರು? ಒಂದು ಪೈಪ್ ಗೇಜ್ ಸಾಲ ತಂದು ನೋಡಿ. ಬೆಲೆ ಏನೂ ಜಾಸ್ತಿ ಇಲ್ಲ.

ಅಡಿಕೆತೋಟ_ಶಿರಸಿ
ಯಾವ ಆಯಿಲ್ ಹಾಕಿದ್ದೀರಿ? ಇದನ್ನು ಯಾರೂ ಕೇಳಲೇ ಇಲ್ಲವಲ್ಲ.

ಕುಮಟಾ_ಮಾರ್ಕ್2
ಮಗನ ಹೊಸ ಕಾರಿಗೆ ತಂದಿದ್ದರಲ್ಲಿ ಉಳಿದಿತ್ತು. ಫುಲ್ ಸಿಂಥೆಟಿಕ್ 5ಡಬ್ಲ್ಯು-30. ಒಳ್ಳೆಯದು, ದುಬಾರಿಯದು ಅಂತ ಅದನ್ನೇ ಹಾಕಿದೆ.

ಅಡಿಕೆತೋಟ_ಶಿರಸಿ
ಅಲ್ಲೇ ಇದೆ ನೋಡಿ ಅರ್ಧ ಕತೆ! 5ಡಬ್ಲ್ಯು-30 ಒಳ್ಳೆಯ ಆಯಿಲೇ, ಆದರೆ ಈ ಇಂಜಿನ್ನಿಗಲ್ಲ. ಈ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಇಂಜಿನ್ನಿನ ಸಂದುಗಳು ದಪ್ಪ ಆಯಿಲ್‌ಗೆ ಅಂತ ಇಟ್ಟದ್ದು. 20ಡಬ್ಲ್ಯು-50 ಹಾಕಿ. ಬಿಸಿಯಾದಾಗ 30 ನಂಬರ್ ಆಯಿಲ್‌ಗೂ 50 ನಂಬರ್‌ಗೂ ದಪ್ಪದಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಎರಡು.

ಇನ್ನೊಂದು ವಿಷಯ. ಹಳೇ ಟ್ಯಾಪೆಟ್ ಇಂಜಿನ್ನಿಗೆ ಆಯಿಲ್‌ನಲ್ಲಿ ಜಿಂಕ್ ಬೇಕು. ವಾಲ್ವ್ ಎತ್ತುವ ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜುವ ಜಾಗ ಉಳಿಯೋದು ಅದರಿಂದಲೇ. ಈಗಿನ ಪೆಟ್ರೋಲ್ ಕಾರಿನ ತೆಳು ಆಯಿಲ್‌ಗಳಲ್ಲಿ ಅದನ್ನು ಕಮ್ಮಿ ಮಾಡಿದ್ದಾರೆ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ.

ಪದ್ಮಿನಿ_ಹೊನ್ನಾವರ
ಇದು ಒಪ್ಪಿದೆ. ನಾನೂ 20ಡಬ್ಲ್ಯು-50 ಬಿಟ್ಟು ಬೇರೆ ಹಾಕೋದಿಲ್ಲ. ಅದಕ್ಕೂ ಮೊದಲು ಸಿಂಗಲ್ 40 ನಂಬರ್ ಹಾಕ್ತಿದ್ದೆವು.

ಹಳಿಯಾಳ_ಜೀಪ್
ಸುಲಭ ದಾರಿ ಇದೆ. ಬ್ಲಾಕಿನ ಹಿಂದೆ ಎಡಗಡೆ ಒಂದು ಡೋಮ್ ನಟ್ ಇರುತ್ತದೆ. ಅದರೊಳಗೆ ರಿಲೀಫ್ ವಾಲ್ವಿನ ಸ್ಪ್ರಿಂಗ್. ಸ್ಪ್ರಿಂಗ್ ಕೆಳಗೆ ಒಂದು ವಾಷರ್ ಇಟ್ಟು ಬಿಗಿ ಮಾಡಿ, ಪ್ರೆಶರ್ ತಾನಾಗಿ ಏರುತ್ತದೆ. ನಮ್ಮ ಕಡೆ ಎಲ್ಲರೂ ಮಾಡ್ತಾರೆ.

ಘಟ್ಟದಗಾಡಿ
ಇಲ್ಲ ಇಲ್ಲ, ಇದನ್ನು ದಯವಿಟ್ಟು ಮಾಡಬೇಡಿ. ರಿಲೀಫ್ ವಾಲ್ವಿನ ಕೆಲಸ ಪ್ರೆಶರ್ ಏರಿಸೋದಲ್ಲ, ಹೆಚ್ಚಾದದ್ದನ್ನು ಹೊರಗೆ ಬಿಡೋದು. 50ರ ಹತ್ತಿರ ಬಂದಾಗ ಅದು ತೆರೆಯುತ್ತದೆ. ಐಡ್ಲಿಂಗ್‌ನಲ್ಲಿ 4 ಪಿಎಸ್‌ಐ ಇರುವಾಗ ಆ ವಾಲ್ವ್ ಹೇಗೂ ಮುಚ್ಚಿಯೇ ಇರಬೇಕು. ಮುಚ್ಚಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿ ಏನು ಸಿಗುತ್ತದೆ? ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಪ್ರೆಶರ್ ಸುಮ್ನೆ ಏರಿ ಫಿಲ್ಟರ್ ಸೀಲ್ ಹಾರುತ್ತದೆ.

ಪಂಪ್ ಕೊಡೋದು ಹರಿವು. ಆ ಹರಿವಿಗೆ ಬೇರಿಂಗ್ ಸಂದು ಎಷ್ಟು ಅಡ್ಡ ನಿಲ್ಲುತ್ತದೋ ಅದೇ ಪ್ರೆಶರ್. ಸಂದು ಎರಡು ಪಟ್ಟಾದರೆ ಸೋರುವ ಆಯಿಲ್ ಎರಡು ಪಟ್ಟಲ್ಲ, ಎಂಟು ಪಟ್ಟು. ಘನದ ಲೆಕ್ಕ. ಅದಕ್ಕೇ ಒಂದು ಥೌ ಅಂದರೆ ಸಣ್ಣ ಮಾತಲ್ಲ.

ಹಳಿಯಾಳ_ಜೀಪ್
ನನ್ನ ಜೀಪಿಗೆ ವಾಷರ್ ಹಾಕಿದ ಮೇಲೆ ಐಡ್ಲಿಂಗ್‌ನಲ್ಲೂ ಏರಿದ್ದು ನಾನೇ ನೋಡಿದ್ದೇನೆ.

ಘಟ್ಟದಗಾಡಿ
ಹಾಗಾದರೆ ನಿಮ್ಮ ಜೀಪಿನ ವಾಲ್ವ್ ಸರಿಯಾಗಿ ಕೂರುತ್ತಿರಲಿಲ್ಲ, ಅಥವಾ ಸ್ಪ್ರಿಂಗ್ ಸತ್ತಿತ್ತು. ವಾಷರ್ ಅದನ್ನು ಒತ್ತಿ ಕೂರಿಸಿದೆ. ಸರಿಯಾದ ಕೆಲಸ ಅಂದರೆ ಸೀಟ್ ಸ್ವಚ್ಛ ಮಾಡಿ ಹೊಸ ಸ್ಪ್ರಿಂಗ್ ಹಾಕೋದು. ಆದರೆ ನೀವು ಹೇಳಿದ ಜಾಗ ಸರಿ ಇದೆ. @ಕುಮಟಾ_ಮಾರ್ಕ್2 ಆ ಡೋಮ್ ನಟ್ ಬಿಚ್ಚಿ ನೋಡಿ. ಚೇಂಬರ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ಇಳಿಸುವುದಕ್ಕಿಂತ ಮೊದಲು ಅದನ್ನೇ ನೋಡಬೇಕು.

ಕಾಳಿ_ಸೇತುವೆ
ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದೆಯಾ? ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ಸೀದಾ ಚೇಂಬರಿಗೆ ಇಳಿಯುತ್ತದೆ. ಆಯಿಲ್ ನೀರಾಗುತ್ತದೆ. ಲೆವೆಲ್ ಏರುತ್ತಿದ್ದರೆ ಅದೇ.

ಕುಮಟಾ_ಮಾರ್ಕ್2
ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನದ ವರದಿ:

ಪೆಟ್ರೋಲ್ ವಾಸನೆ ಇಲ್ಲ. ಲೆವೆಲ್ ಏರಿಲ್ಲ.

ಬೋಟಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಸೆಂಡರ್ ಬಿಚ್ಚಿದರೆ ಥ್ರೆಡ್ಡಿಗೆ ನಾಲ್ಕು ಸುತ್ತು ಬಿಳಿ ಟೇಪ್. ಅರ್ಥ್ ಪಟ್ಟಿಯ ಒಂದು ತುದಿ ಕೈಯಲ್ಲಿ ಮುಟ್ಟಿದರೆ ಹಸಿರು ಪುಡಿ ಉದುರಿತು. ಪೈಪ್ ಗೇಜ್ ಹಾಕಿದೆ. ಅದೇ ತೆಳು ಆಯಿಲ್‌ನಲ್ಲಿ, ಬಿಸಿಯಾಗಿ: ಐಡ್ಲಿಂಗ್ 9, ಓಡುವಾಗ 34.

ಅಂದರೆ ಎಲೆಕ್ಟ್ರಿಕ್ ಗೇಜ್ ನಿಜಕ್ಕಿಂತ ಕಮ್ಮಿ ತೋರಿಸುತ್ತಿತ್ತು. ಆದರೆ 9 ಕೂಡ ಸಾಲದು, ಅಲ್ವಾ?

ಬೈತಖೋಲ್_ಬೋಟ್
ಸಾಲದು. ಬಿಸಿ ಐಡ್ಲಿಂಗ್‌ನಲ್ಲಿ 15 ಆದರೂ ಬೇಕು. ಓಡುವಾಗ ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಅನ್ನೋದು ಹಳೇ ಲೆಕ್ಕ. ಪೈಪ್ ಗೇಜಿನ ಪೈಪಿಗೆ ಇಂಜಿನ್ ಹತ್ತಿರ ಒಂದು ಸುತ್ತು ಬಿಟ್ಟಿದ್ದೀರಾ? ತಾಮ್ರದ ಪೈಪ್ ಬಿಗಿಯಾಗಿದ್ದರೆ ಇಂಜಿನ್ ಅಲುಗಾಟಕ್ಕೆ ಸೀಳುತ್ತದೆ. ಸೀಳಿದರೆ ಐದು ನಿಮಿಷದಲ್ಲಿ ಚೇಂಬರ್ ಖಾಲಿ.

ಕುಮಟಾ_ಮಾರ್ಕ್2
ಸುತ್ತು ಬಿಟ್ಟಿರಲಿಲ್ಲ. ಈಗಲೇ ಹೋಗಿ ಮಾಡ್ತೇನೆ.

ಅಂಕೋಲಾ_ಹಳೇಬೀದಿ
ಸ್ವಲ್ಪ ವಿಷಯ ಬಿಟ್ಟು ಹೇಳ್ತೇನೆ, ಕ್ಷಮಿಸಿ. ಶಿರಸಿ ಮಾರಿಕಾಂಬಾ ಜಾತ್ರೆಗೆ ನಾವು ಅಂಬಾಸಿಡರ್‌ನಲ್ಲಿ ಒಂಬತ್ತು ಜನ ಹೋಗ್ತಿದ್ದೆವು. ಮುಂದೆ ನಾಲ್ಕು, ಹಿಂದೆ ಐದು, ಡಿಕ್ಕಿಯಲ್ಲಿ ಅಲ್ವೇಕೋಡಿಯ ಈರುಳ್ಳಿ ಗೊಂಚಲು. ಅರ್ಧ ಘಟ್ಟದಲ್ಲಿ ಡ್ರೈವರ್ ಬಾನೆಟ್ ತೆಗೆದು ಕಲ್ಲಿನ ಮೇಲೆ ಕೂರ್ತಿದ್ದ. ನೀರು ಕುದಿ ನಿಲ್ಲುವ ತನಕ ನಾವು ಮಕ್ಕಳು ಕಾಡಿನಲ್ಲಿ ಕವಳಿ ಹಣ್ಣು ಹುಡುಕ್ತಿದ್ದೆವು. ಆ ಕಾರಿನ ಹೊಸ ಸೀಟಿನ ವಾಸನೆ ಇನ್ನೂ ಮೂಗಲ್ಲಿದೆ. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಂತಿತು ಅಂತ ಓದಿದಾಗ ನಿಜವಾಗಿ ಬೇಜಾರಾಗಿತ್ತು.

ಪದ್ಮಿನಿ_ಹೊನ್ನಾವರ
ಕುಮಟಾ ಈರುಳ್ಳಿ ಈ ವರ್ಷ ಗೊಂಚಲಿಗೆ ಎಷ್ಟು?

ಘಟ್ಟದಗಾಡಿ
ಈರುಳ್ಳಿ ಆಮೇಲೆ. ಡೋಮ್ ನಟ್ ಏನಾಯ್ತು?

ಕುಮಟಾ_ಮಾರ್ಕ್2
ಇವತ್ತು ಬಿಚ್ಚಿದೆ. ಸ್ಪ್ರಿಂಗ್ ಸುಲಭವಾಗಿ ಬಂತು. ಒಳಗಿನ ಬಟ್ಟಲು (ವಾಲ್ವೇ ಅದು) ಮಾತ್ರ ಬರಲಿಲ್ಲ. ಕೊನೆಗೆ ಒಂದು ಬಿದಿರು ಕಡ್ಡಿ ಕೆತ್ತಿ ಅದರೊಳಗೆ ಒತ್ತಿ ಕೂರಿಸಿ ಎಳೆದೆ. ಟಾರ್ಚ್ ಹಿಡಿದು ನೋಡಿದೆ. ಬಟ್ಟಲಿನ ಅಂಚು ಸುತ್ತಲೂ ಹೊಳೆಯಬೇಕಲ್ಲ, ಅರ್ಧ ಹೊಳೆಯುತ್ತಿತ್ತು, ಇನ್ನರ್ಧ ಕಪ್ಪು. ಅಂಚಿಗೆ ಒಂದು ಕಬ್ಬಿಣದ ಚೂರು ಅಂಟಿತ್ತು. ಅರ್ಧ ಸಾಸಿವೆ ಕಾಳಿನಷ್ಟು, ಬೂದು ಬಣ್ಣ. ಆಯಸ್ಕಾಂತಕ್ಕೆ ಟಕ್ ಅಂತ ಹತ್ತಿತು.

ಸೀಟನ್ನು ಸಣ್ಣ ಗ್ರೈಂಡಿಂಗ್ ಪೇಸ್ಟಿನಿಂದ ಉಜ್ಜಿ, ಚೆನ್ನಾಗಿ ತೊಳೆದು, ಹೊಸ ಸ್ಪ್ರಿಂಗ್ ಮತ್ತು ನಟ್ಟಿಗೆ ಹೊಸ ವಾಷರ್ ಹಾಕಿದೆ. ಜೊತೆಗೆ 20ಡಬ್ಲ್ಯು-50 ಮತ್ತು ಹೊಸ ಫಿಲ್ಟರ್. ಈಗ ಬಿಸಿಯಲ್ಲಿ ಐಡ್ಲಿಂಗ್ 13, ಓಡುವಾಗ 42.

ಹಳಿಯಾಳ_ಜೀಪ್
ನೋಡಿದ್ರಾ, ವಾಲ್ವೇ!

ಅಡಿಕೆತೋಟ_ಶಿರಸಿ
ಆಯಿಲೂ ಬದಲಾಗಿದೆ ಮಾರಾಯ್ರೇ. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಎಷ್ಟು ಏರಿತು ಅಂತ ಹೇಳೋದು ಹೇಗೆ?

ಘಟ್ಟದಗಾಡಿ
ನನಗೆ 13ಕ್ಕಿಂತ ಆ ಚೂರಿನದೇ ಚಿಂತೆ. ಬೂದು ಕಬ್ಬಿಣ ಅಂದರೆ ಬ್ಲಾಕಿನದು. ಬೋರ್ ಆದ ಮೇಲೆ ಆಯಿಲ್ ದಾರಿಗಳ ಪ್ಲಗ್ ತೆಗೆದು ಬ್ರಷ್ ಹಾಕಿ ತೊಳೆದಿಲ್ಲ. ವಾಲ್ವಿಗೆ ಒಂದು ಚೂರು ಬಂದಿದೆ ಅಂದರೆ ಶೆಲ್‌ಗಳಿಗೆ ಎಷ್ಟು ಹೋಗಿರಬಹುದು? ಫಿಲ್ಟರ್ ಇದೆ ಅಂತ ಧೈರ್ಯ ಬೇಡ. ಆಯಿಲ್ ತಣ್ಣಗೆ ದಪ್ಪ ಇರುವಾಗ ಫಿಲ್ಟರಿನ ಬೈಪಾಸ್ ತೆರೆದುಕೊಳ್ಳುತ್ತದೆ, ಸೋಸದ ಆಯಿಲ್ ನೇರ ಬೇರಿಂಗಿಗೆ ಹೋಗುತ್ತದೆ.

ತೆಗೆದ ಹಳೇ ಫಿಲ್ಟರ್ ಎಸೆದಿಲ್ಲ ತಾನೆ? ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ, ಬಿಳಿ ಬಟ್ಟೆ ಮೇಲೆ ಹಿಂಡಿ ನೋಡಿ. ಚೇಂಬರ್ ಇಳಿಸಿ.

ಪದ್ಮಿನಿ_ಹೊನ್ನಾವರ
13 ಇದೆ, 42 ಇದೆ, ಲೈಟ್ ಇಲ್ಲ. ಯಾಕೆ ಬಿಚ್ಚಬೇಕು? ಹಳೇ ಇಂಜಿನ್ ಬಿಚ್ಚಿದಷ್ಟೂ ಹಾಳು. ಓಡಿಸಿ.

ಬೈತಖೋಲ್_ಬೋಟ್
ನಾನಾಗಿದ್ದರೆ ಬಿಚ್ಚುತ್ತಿದ್ದೆ. ಚೂರು ಕಂಡ ಮೇಲೆ ನಂಬಿಕೆಯ ಮೇಲೆ ಓಡಿಸೋದು ಬೇಡ. ಅಪ್ಪನ ಗಾಡಿ ಅದು.

ಕುಮಟಾ_ಮಾರ್ಕ್2
ಫಿಲ್ಟರ್ ಕತ್ತರಿಸಿದೆ. ಮಿಂಚುವ ಪುಡಿ ಸ್ವಲ್ಪ ಇದೆ, ಗ್ಯಾಸ್ಕೆಟ್‌ಗೆ ಹಚ್ಚುವ ಸಿಲಿಕಾನ್ ಗಮ್ಮಿನ ಎರಡು ಸಣ್ಣ ಎಳೆಗಳೂ ಸಿಕ್ಕವು. ಅದನ್ನು ನೋಡಿದ ಮೇಲೆ ಮನಸ್ಸು ಒಪ್ಪಲಿಲ್ಲ. ಭಾನುವಾರ ಇಬ್ಬರು ಸ್ನೇಹಿತರು ಬಂದರು, ಇಂಜಿನ್ ಸ್ವಲ್ಪ ಎತ್ತಿ ಚೇಂಬರ್ ಇಳಿಸಿದೆವು.

ಸ್ಟ್ರೇನರ್ (ಪಂಪ್ ಆಯಿಲ್ ಎಳೆಯುವ ಜಾಲರಿ) ಮೇಲೆ ಇನ್ನೂ ಗಮ್ ಇತ್ತು, ಕಾಲು ಭಾಗ ಮುಚ್ಚಿತ್ತು. ಶೆಲ್‌ಗಳಲ್ಲಿ ಸಣ್ಣ ಗೀರುಗಳಿವೆ, ಉಗುರಿಗೆ ಸಿಗುವಷ್ಟಿಲ್ಲ. ಪ್ಲಾಸ್ಟಿಗೇಜ್ (ಸಂದು ಅಳೆಯುವ ಪ್ಲಾಸ್ಟಿಕ್ ಎಳೆ) ಇಟ್ಟು ಕ್ಯಾಪ್ ಬಿಗಿ ಮಾಡಿ ತೆಗೆದೆ. ಬಿಗ್ ಎಂಡ್ (ಕಾನ್‌ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್) ನಾಲ್ಕೂ ಎರಡು ಥೌ ಆಸುಪಾಸು. ನಡುವಿನ ಮೇನ್ ಬೇರಿಂಗ್ ಎರಡಕ್ಕಿಂತ ಸ್ವಲ್ಪ ಜಾಸ್ತಿ, ಎರಡೂವರೆ ಒಳಗೆ.

ಇಷ್ಟೆಲ್ಲ ಸರಿ ಇದ್ದರೆ 13 ಯಾಕೆ?

ಘಟ್ಟದಗಾಡಿ
ಕೆಲಸ ಮಾಡಿದವರ ಬಿಲ್ ಇದೆಯಾ? ಅದರಲ್ಲಿ ಕ್ಯಾಮ್‌ಶಾಫ್ಟ್ ಬೇರಿಂಗ್ ಅಂತ ಇದೆಯಾ ನೋಡಿ.

ಕುಮಟಾ_ಮಾರ್ಕ್2
ಇಲ್ಲ. ಮೇನ್, ಕಾನ್‌ರಾಡ್, ಪಿಸ್ಟನ್, ಪಂಪ್, ಗ್ಯಾಸ್ಕೆಟ್ ಸೆಟ್. ಕ್ಯಾಮ್ ಬೇರಿಂಗ್ ಇಲ್ಲ.

ಘಟ್ಟದಗಾಡಿ
ಬಹಳ ಕಡೆ ಅದನ್ನು ಬಿಟ್ಟುಬಿಡ್ತಾರೆ. ಈ ಇಂಜಿನ್ನಿನಲ್ಲಿ ಕ್ಯಾಮ್‌ಗೆ ಮೂರು ಬೇರಿಂಗ್. ಹೊಸದು ಒತ್ತಿ ಕೂರಿಸಿದ ಮೇಲೆ ಮೂರನ್ನೂ ಒಂದೇ ಗೆರೆಯಲ್ಲಿ ರೀಮ್ ಮಾಡಬೇಕು, ಅಂದರೆ ಒಳಗೆ ಕೆರೆದು ಅಳತೆಗೆ ತರಬೇಕು. ಆ ಉದ್ದದ ರೀಮರ್ ಎಲ್ಲರ ಹತ್ತಿರ ಇರೋದಿಲ್ಲ. ಹಾಗಾಗಿ "ಹಳೇದೇ ಚೆನ್ನಾಗಿದೆ" ಅಂತ ಬಿಡೋದು. ಆ ಸವೆದ ಬುಷ್‌ನಿಂದ (ಈ ಬೇರಿಂಗನ್ನೇ ಬುಷ್ ಅನ್ನೋದು) ಆಯಿಲ್ ಆರಾಮಾಗಿ ಚೇಂಬರಿಗೆ ಸುರಿಯುತ್ತದೆ. ಹೊಸ ಕ್ರ್ಯಾಂಕ್, ಹೊಸ ಪಂಪ್ ಇದ್ದೂ ಬಿಸಿ ಐಡ್ಲಿಂಗ್ ಏರೋದಿಲ್ಲ.

ಚೇಂಬರ್ ಈಗ ಇಳಿದೇ ಇದೆಯಲ್ಲ, ಒಂದು ಪರೀಕ್ಷೆ ಮಾಡಿ. ಗೇಜ್ ಪೈಪ್ ಹಾಕುವ ತೂತಿನಿಂದ ಒಳಗೆ ಆಯಿಲ್ ಒತ್ತಿ, ಕೆಳಗೆ ಮಲಗಿ ಎಲ್ಲಿಂದ ಸುರಿಯುತ್ತದೆ ನೋಡಿ.

ಕುಮಟಾ_ಮಾರ್ಕ್2
ಆಯಿಲ್ ಒತ್ತೋದು ಯಾವುದರಿಂದ?

ಅಡಿಕೆತೋಟ_ಶಿರಸಿ
ಇದು ನಮ್ಮ ಕೆಲಸ! ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕೈಪಂಪ್ ಇರುತ್ತದಲ್ಲ, ಗಾಳಿ ತುಂಬಿಸಿ ಬಿಡುವಂಥದ್ದು. ಎರಡು ಕೆಜಿ ಪ್ರೆಶರ್ ಸುಲಭವಾಗಿ ಸಿಗುತ್ತದೆ, ಅಂದರೆ 28 ಪಿಎಸ್‌ಐ. ಆಯಿಲ್ ಬಿಸಿ ನೀರಲ್ಲಿಟ್ಟು ತೆಳು ಮಾಡಿಕೊಳ್ಳಿ, ಇಲ್ಲಾಂದ್ರೆ ಪೈಪಿನಲ್ಲಿ ಹೋಗೋದಿಲ್ಲ. ನಾಜಲ್ ತೆಗೆದು ಲೇತಿನಲ್ಲಿ ಒಂದು ಅಡಾಪ್ಟರ್ ಮಾಡಿಸಿ.

ಆದರೆ ಕೈಮುಗಿದು ಹೇಳ್ತೇನೆ, ಹೊಸ ಪಂಪ್ ತನ್ನಿ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಪಂಪ್ ಬೇಡ. ಮೈಲುತುತ್ತದ ಅಂಶ ಒಂದು ಚೂರು ಉಳಿದಿದ್ದರೂ ಕಬ್ಬಿಣ ತಿನ್ನುತ್ತದೆ. ಎಷ್ಟು ತೊಳೆದರೂ ಅದರ ರಬ್ಬರ್ ಪೈಪಿನೊಳಗೆ ನೀಲಿ ಹೋಗೋದಿಲ್ಲ.

ಘಟ್ಟದಗಾಡಿ
ಚೆನ್ನಾಗಿದೆ. ಪಂಪ್ ಒತ್ತುವಾಗ ಕ್ರ್ಯಾಂಕ್ ನಿಧಾನ ತಿರುಗಿಸುತ್ತಾ ಇರಿ. ತೂತಿಗೆ ತೂತು ಸೇರಿದಾಗ ಆ ಬೇರಿಂಗ್‌ನಿಂದ ಸ್ವಲ್ಪ ಜಾಸ್ತಿ ಬರುತ್ತದೆ, ಅದು ಸಹಜ. ಯಾವ ಕೋನದಲ್ಲೂ ನಿಲ್ಲದೆ ಧಾರೆ ಬಂದರೆ ಮಾತ್ರ ತೊಂದರೆ.

ಕುಮಟಾ_ಮಾರ್ಕ್2
ಮಾಡಿದೆ. ತಗಡಿನ ಮೇಲೆ ಹಳೇ ಪೇಪರ್ ಹಾಸಿ ಕೆಳಗೆ ಮಲಗಿದ್ದೆ. ಮಗ ಪಂಪ್ ಒತ್ತುತ್ತಿದ್ದ. ಮೇನ್ ಬೇರಿಂಗ್ ಮೂರರಿಂದಲೂ ತೊಟ್ಟು ತೊಟ್ಟಾಗಿ, ಬಿಗ್ ಎಂಡ್‌ಗಳಿಂದಲೂ ಹಾಗೇ. ಮುಂದಿನ ಕ್ಯಾಮ್ ಬುಷ್‌ನಿಂದ ಸ್ವಲ್ಪ. ನಡುವಿನ ಕ್ಯಾಮ್ ಬುಷ್‌ನಿಂದ ಧಾರೆ! ಮಳೆಗಾಲದಲ್ಲಿ ಹಂಚಿನ ಮನೆಯ ಸೂರಿನಿಂದ ಬೀಳುತ್ತದಲ್ಲ, ಹಾಗೆ ಎಡೆಬಿಡದೆ. ಕ್ರ್ಯಾಂಕ್ ಎರಡು ಸುತ್ತು ಪೂರ್ತಿ ತಿರುಗಿಸಿದರೂ ನಿಲ್ಲಲಿಲ್ಲ.

ಬೈತಖೋಲ್_ಬೋಟ್
ಸಿಕ್ಕಿತು ನೋಡಿ.

ಪದ್ಮಿನಿ_ಹೊನ್ನಾವರ
ನಾನು ಓಡಿಸಿ ಅಂದಿದ್ದೆ. ಸ್ಟ್ರೇನರ್ ಮೇಲಿನ ಗಮ್ ನೆನೆಸಿಕೊಂಡರೆ ಬಿಚ್ಚಿದ್ದೇ ಸರಿ. ಅದು ಇನ್ನೂ ಸ್ವಲ್ಪ ಕೂತಿದ್ದರೆ ಘಟ್ಟದಲ್ಲಿ ಪಂಪ್ ಬರೀ ಗಾಳಿ ಎಳೆಯುತ್ತಿತ್ತು.

ಹಳಿಯಾಳ_ಜೀಪ್
ಈಗ ಇಂಜಿನ್ ಕೆಳಗಿಳಿಸಲೇಬೇಕಾ? ಗಮ್ ತೆಗೆದಾಗಿದೆ, 13 ಇದೆ, ಮಳೆಗಾಲ ಮುಗಿಯುವ ತನಕ ಪೇಟೆಯೊಳಗೆ ಓಡಿಸಬಹುದಲ್ಲ.

ಘಟ್ಟದಗಾಡಿ
ಪೇಟೆಯೊಳಗೆ, ಬಯಲು ರಸ್ತೆಯಲ್ಲಿ, ಪೈಪ್ ಗೇಜ್ ನೋಡುತ್ತಾ ಓಡಿಸಬಹುದು. ಕ್ಯಾಮ್ ಬುಷ್ ಸೋರಿದ ಮಾತ್ರಕ್ಕೆ ಇಂಜಿನ್ ಅಂದೇ ಸಾಯೋದಿಲ್ಲ. ಆದರೆ ಆಯಿಲ್ ದಾರಿಗಳನ್ನು ಬ್ರಷ್ ಹಾಕಿ ತೊಳೆಯೋದು ಬಾಕಿ ಇದೆ, ಅದಕ್ಕೆ ಇಂಜಿನ್ ಇಳಿಯಲೇಬೇಕು. ಎರಡೂ ಒಟ್ಟಿಗೆ ಮಾಡಿ.

ಕುಮಟಾ_ಮಾರ್ಕ್2
ತಡವಾಗಿ ಬರೆಯುತ್ತಿದ್ದೇನೆ, ಮಳೆಗಾಲ ಕಳೆಯಿತು. ಇಂಜಿನ್ ಇಳಿಸಿದೆ. ಈ ಸಲ ರೀಮರ್ ಇರುವ ಕಡೆ ಬ್ಲಾಕ್ ಕೊಟ್ಟೆ, ಬುಷ್ ತೂತುಗಳು ಬ್ಲಾಕಿನ ತೂತಿಗೆ ಸರಿಯಾಗಿ ಸೇರಿವೆಯಾ ಅಂತ ತಂತಿ ಹಾಕಿ ನಾನೇ ನೋಡಿದೆ. ಆಯಿಲ್ ದಾರಿಯ (ಗ್ಯಾಲರಿ) ಪ್ಲಗ್ ತೆಗೆದು ಬ್ರಷ್ ಎಳೆದಾಗ ಇನ್ನೂ ಒಂದು ಚಿಟಿಕೆ ಪುಡಿ ಬಂತು. ಆಯಿಲ್ ಪಂಪಿನೊಳಗೆ ವ್ಯಾಸಲೀನ್ ತುಂಬಿ ಕೂರಿಸಿದೆ, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು ಸ್ಟಾರ್ಟರ್ ತಿರುಗಿಸಿದೆ. ಗೇಜ್ ಏರಿದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದ್ದು.

ನಿನ್ನೆ ಅಪ್ಪನನ್ನು ಕೂರಿಸಿಕೊಂಡು ಶಿರಸಿಗೆ ಹೋಗಿ ಬಂದೆ. ದೇವಿಮನೆ ದೇವಸ್ಥಾನದ ಎದುರು, ಅದೇ ಜಾಗದಲ್ಲಿ ನಿಲ್ಲಿಸಿದೆ. ಐಡ್ಲಿಂಗ್ 21. ಓಡುವಾಗ 50. ಅಪ್ಪ ಗೇಜ್ ನೋಡಲೇ ಇಲ್ಲ, ಕಿಟಕಿ ಇಳಿಸಿ ಸುಮ್ನೆ ಇಂಜಿನ್ ಶಬ್ದ ಕೇಳುತ್ತಾ ಕೂತಿದ್ದರು.

ಬೈತಖೋಲ್_ಬೋಟ್
ಓದಿ ಖುಷಿಯಾಯ್ತು. ಹಿಂದಿನ ಮೇನ್ ಬೇರಿಂಗ್ ಕಡೆ ಆಯಿಲ್ ಜಿನುಗುತ್ತಿದೆಯಾ?

ಕುಮಟಾ_ಮಾರ್ಕ್2
ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆಗೆ ಎಂಟಾಣೆ ಅಗಲದ ಒಂದು ಕಲೆ.

ಘಟ್ಟದಗಾಡಿ
ಅಲ್ಲಿ ರಬ್ಬರ್ ಸೀಲ್ ಇಲ್ಲ, ಆಯಿಲ್ ಹಿಂದೆ ತಳ್ಳುವ ಸುರುಳಿ ಗೆರೆ ಮಾತ್ರ. ಅಷ್ಟು ಕಲೆ ಇರುತ್ತದೆ. ಕೆಳಗೆ ಒಂದು ತಗಡು ಇಡಿ.

ಅಡಿಕೆತೋಟ_ಶಿರಸಿ
ಆ ಹೊಸ ಔಷಧಿ ಪಂಪ್ ಈಗ ಖಾಲಿ ಇದ್ದರೆ ನನಗೆ ಒಂದು ವಾರ ಬೇಕಿತ್ತು. ನಮ್ಮ ಪಕ್ಕದ ಮನೆಯವರದೂ ಮಾರ್ಕ್ 2, ಅದರದೂ ಇದೇ ಕತೆ ಇರಬಹುದು ಅಂತ ಅನುಮಾನ. ಅಡಾಪ್ಟರ್ ಸಮೇತ ಕೊಡಿ.